ಹನುಮಪ್ಪನ ಬಾವಿಗಿಳಿದ ಕ್ಯಾಮೆರಾ

ಅಮರಮ್ಮನ ಚಿಂತೆ ಬಹಳ ಸಣ್ಣದು. ಡೈರಿಯಲ್ಲಿ ಬರೆದುಕೊಳ್ಳಲೂ ನಾಚಿಕೆಯಾಗುವಷ್ಟು ಸಣ್ಣದು. ಬೆಳಗಾದರೆ ಸ್ಟೇಷನ್ ರಸ್ತೆಯ ಪಂಚರ್ ಅಂಗಡಿಗೆ ಹೋಗಿ ಹಳೆಯ ಲಾರಿ ಟ್ಯೂಬು ಕೇಳಬೇಕಿತ್ತು. ಕೇಳುವ ಹೊತ್ತಿಗೆ ಗಂಟಲಿನಿಂದ ದನಿ ಹೊರಗೆ ಬಾರದಿದ್ದರೆ? ಈ ಭಯವನ್ನು ಅವಳು ಡೈರಿಗೆ ಒಪ್ಪಿಸಿದಳು. ಅಷ್ಟಕ್ಕೇ ಬಿಡದೆ, ಕೇಳಬೇಕಾದ ಮಾತನ್ನೂ ಬಗೆಬಗೆಯಾಗಿ ಬರೆದು ನೋಡಿದಳು. ‘ಟ್ಯೂಬ್ ಕೊಡ್ರಿ’ ಎಂದರೆ ಜೋರಾಯಿತು. ‘ಟ್ಯೂಬ್ ಅದನ್ರೀ’ ಎಂದರೆ ಅವನು ‘ಅದ, ಏನೀಗ?’ ಎಂದಾನು. ‘ಟ್ಯೂಬ್ ಸಿಗತದೇನ್ರಿ’ ಎಂಬುದು ಮರ್ಯಾದೆಯದು. ಅದರ ಕೆಳಗೆ ಗೆರೆ ಎಳೆದಳು. ಪರೀಕ್ಷೆಗೆ ಇಷ್ಟು ತಯಾರಿ ಮಾಡಿಕೊಂಡಿದ್ದರೆ ಬಿ.ಎಸ್ಸಿ.ಯಲ್ಲಿ ಇನ್ನೊಂದಿಷ್ಟು ಅಂಕ ಬರುತ್ತಿದ್ದವು.

ಬೆಳಿಗ್ಗೆ ಅಂಗಡಿಯವನು ಚಕ್ರ ಬಿಚ್ಚುತ್ತಲೇ ತಲೆ ಎತ್ತಿ, “ಏನ್ ಬೇಕವಾ ತಂಗಿ?” ಎಂದ.

“ಏನಿಲ್ರಿ” ಎಂದು ಹೇಳಿ ಅಮರಮ್ಮ ಮನೆಗೆ ಬಂದಳು.

ಹೊಸ್ತಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿ, ಅಂದರೆ ಅಪ್ಪನ ತಾಯಿ ಗೋಪಮ್ಮ, ಮೊಮ್ಮಗಳ ಕೈ ನೋಡಿದಳು.

“ಬರಿಗೈಲೆ ಬಂದಿ?”

“ಅಂಗಡಿ ಮುಚ್ಚಿತ್ತಬೇ.”

“ಮುಚ್ಚಿದ ಅಂಗಡ್ಯಾಗ ಸುತ್ತಿಗಿ ಬಡಿಯಾ ಸಪ್ಪಳ ಇಲ್ಲೀತನ ಕೇಳಾಕತ್ತದಲ್ಲ!”

ಆಯಿ ಕೋಲು ಹಿಡಿದು ತಾನೇ ಹೋದಳು. ಸ್ವಲ್ಪ ಹೊತ್ತಿಗೆ ಸ್ಟೇಷನ್ ರಸ್ತೆಯ ಕಡೆಯಿಂದ ಅವಳ ದನಿ ಕೇಳಿಸಿತು. ಯಾರದೋ ಅಪ್ಪ, ಅಜ್ಜ ಎಲ್ಲರ ಹೆಸರೂ ಅದರಲ್ಲಿದ್ದವು. ಬರುವಾಗ ಎರಡು ಟ್ಯೂಬುಗಳು ಗೆದ್ದ ಪೈಲ್ವಾನನ ಹಾರದಂತೆ ಅವಳ ಕೊರಳಲ್ಲಿದ್ದವು. “ತಗೋ,” ಎಂದು ಮೊಮ್ಮಗಳ ಮುಂದೆ ಒಗೆದಳು. “ಡಿಗ್ರಿ ಓದಿದಾಕಿ ಲೆಕ್ಕ ಮಾಡು. ಬಾಯಿ ನಾ ಮಾಡ್ತೀನಿ.”

ಟ್ಯೂಬು ಬೇಕಾದದ್ದು ವಿಡಿಯೋ ಕ್ಯಾಮೆರಾ ಒಂದನ್ನು ಬಾವಿಯ ನೀರೊಳಗೆ ಇಳಿಸುವುದಕ್ಕೆ. ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ಹುಚ್ಚು ಎನಿಸುತ್ತದೆ. ಬಿಡಿಸಿ ಹೇಳಿದರೂ ಹುಚ್ಚೇ, ಆದರೆ ಸ್ವಲ್ಪ ತಡವಾಗಿ ಅನಿಸುತ್ತದೆ.

ಅಮರಮ್ಮನ ತಾತ, ಗೋಪಮ್ಮನ ಗಂಡ ಪಕೀರಪ್ಪ ಮಾನ್ವಿ ಸೀಮೆಯಲ್ಲಿ, ಹಿರೇಕೊಟ್ನೆಕಲ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನ ತಳವಾರ. ಊರ ಕಾವಲು ಅವನದು. ಆ ಊರ ಹನುಮಪ್ಪನ ಗುಡಿಯಲ್ಲಿ ಒಂದು ಕಂಚಿನ ಗಂಟೆ ಇತ್ತು. ಅದನ್ನು ಬಾರಿಸುವುದಕ್ಕಿಂತ ಮುಟ್ಟುವುದೇ ಹೆಚ್ಚು. ಬದುವಿನ ಜಗಳವಿರಲಿ, ಕೋಳಿ ಕಳುವಿರಲಿ, ಗಂಟೆ ಮುಟ್ಟಿ ಹೇಳಿದ್ದೇ ಕೊನೆಯ ಮಾತು. ರಜಾಕಾರರ ಗಲಾಟೆಯ ವರ್ಷ, ಗುಡಿ ಲೂಟಿಯಾದೀತೆಂದು ಹೆದರಿದ ಹಿರಿಯರು ಗಂಟೆಯನ್ನು ಎಲ್ಲಾದರೂ ಬಚ್ಚಿಡು ಎಂದು ತಳವಾರನಿಗೆ ಹೇಳಿದರು. ಅವನು ಒಯ್ದು ಗುಡಿಯ ಹಿಂದಿನ ಬಾವಿಗೆ ಬಿಟ್ಟ. ಗಲಾಟೆ ಅಡಗಿದ ಮೇಲೆ ಊರವರು ಬಾವಿಗೆ ಪಾತಾಳಗರಡಿ ಇಳಿಸಿದರು. ಬಿದ್ದ ಕೊಡ ಎತ್ತುವ ಕೊಕ್ಕೆಗಳ ಆ ಗೊಂಚಲಿಗೆ ಹಳೆಯ ಕೊಡ ಸಿಕ್ಕಿತು, ಕೊಳೆತ ಹಗ್ಗ ಸಿಕ್ಕಿತು, ಗಂಟೆ ಸಿಗಲಿಲ್ಲ. ಇಳಿದು ಹುಡುಕೋಣವೆಂದರೆ ಆ ಬಾವಿಗೆ ಮನುಷ್ಯರ ಕಾಲು ತಾಕುವಂತಿಲ್ಲ. ಅದು ಹನುಮಪ್ಪನ ಮೈ ತೊಳೆಯುವ ನೀರು.

“ಬಾವ್ಯಾಗ ಅದ” ಎಂದ ಪಕೀರಪ್ಪ. “ರಾಯಚೂರು ಬಜಾರದಾಗ ಅದ” ಎಂದರು ಊರವರು. ಗಂಟೆ ಮುಟ್ಟಿ ಆಣೆ ಮಾಡೋಣವೆಂದರೆ ಗಂಟೆಯೇ ಇರಲಿಲ್ಲ.

ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾಯಚೂರಿಗೆ ಬಂದ, ಹತ್ತಿ ಮಾರುಕಟ್ಟೆಯಾದ ಗಂಜಿನಲ್ಲಿ ಹಮಾಲಿ ಮಾಡಿದ, ಬೆನ್ನ ಮೇಲೆ ಹತ್ತಿ ಹೊತ್ತು ಮುದುಕನಾಗಿ ಸತ್ತ. ಆದರೆ ಊರಲ್ಲಿ ಒಂದು ಗಾದೆ ಉಳಿಯಿತು. ಯಾರ ಮನೆಯಲ್ಲಿ ಏನೇ ಕಳೆಯಲಿ, ಕುಡುಗೋಲಾಗಲಿ, ಕುರಿಮರಿಯಾಗಲಿ, ‘ಪಕೀರಪ್ಪನ ಬಾವಿಗೆ ಬಿತ್ತು’ ಎನ್ನುತ್ತಿದ್ದರು. ಆ ಕಡೆಯಿಂದ ರಾಯಚೂರಿನ ಓಣಿಗೆ ಬಂದ ಎಳೆಯ ಸೊಸೆಯೊಬ್ಬಳು, ಪಕೀರಪ್ಪ ಯಾರೆಂದೇ ಗೊತ್ತಿಲ್ಲದೆ, ಒಮ್ಮೆ ನಲ್ಲಿಯ ಮುಂದೆ ಗೋಪಮ್ಮನ ಎದುರಿಗೇ ಈ ಗಾದೆ ಆಡಿದಳು. ಅಂದು ಗೋಪಮ್ಮ ಕೊಡವನ್ನು ಅಲ್ಲೇ ಬಿಟ್ಟು ಬಂದಳು. ಅವಳಿಗೆ ಗಂಟೆ ಬೇಕಿರಲಿಲ್ಲ. ಗಂಡ ಸತ್ಯ ಹೇಳಿದ್ದ ಎಂದು ಊರು ಒಮ್ಮೆ ಒಪ್ಪಬೇಕಿತ್ತು, ಅಷ್ಟೇ.

ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಪಕ್ಕದ ಮನೆಯ ಟಿ.ವಿ.ಯಲ್ಲಿ ಸಮುದ್ರದ ತಳದ ಮೀನುಗಳನ್ನು ತೋರಿಸಿದರು. ಗೋಪಮ್ಮ ಎದ್ದು ಬಂದವಳೇ ಮೊಮ್ಮಗ ಹಂಪಯ್ಯನನ್ನು ಹಿಡಿದಳು. ಹಂಪಯ್ಯ, ಅಮರಮ್ಮನ ಅಣ್ಣ, ತೀನ್ ಕಂದೀಲ್ ಚೌಕದ ಹತ್ತಿರದ ವಲಿ ಪಾಷಾನ ಸ್ಟುಡಿಯೋದಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದ.

“ಲೇ ಹಂಪಯ್ಯಾ, ಅಷ್ಟು ದೊಡ್ಡ ಸಮುದ್ರದಾಗಿನ ಮೀನಿನ ಕಣ್ಣು ಕಾಣ್ತದ, ಒಂದು ಬಾವ್ಯಾಗಿನ ಗಂಟಿ ಕಾಣಂಗಿಲ್ಲೇನು? ಮದುವ್ಯಾಗ ಮಂದಿ ಉಣ್ಣಾದು ಹಿಡೀತಿ. ನಿಮ್ಮ ತಾತನ ಮರ್ಯಾದಿ ಹಿಡಿಯಾಕ ಆಗಂಗಿಲ್ಲೇನು?”

“ಯಾಕಾಗಂಗಿಲ್ಲಬೇ? ಮಾಡಿ ತೋರಸ್ತೀನಿ ನೋಡು!” ಎಂದು ಹಂಪಯ್ಯ ಎದೆ ತಟ್ಟಿದ. ಆಮೇಲೆ ಅಡುಗೆಮನೆಗೆ ಬಂದು ಸಣ್ಣ ದನಿಯಲ್ಲಿ ಕೇಳಿದ: “ಅಮರೀ, ಹೆಂಗ ಮಾಡಾದು?”

ಅಮರಮ್ಮ ಬಾಯಿಂದ ಉತ್ತರ ಹೇಳಲಿಲ್ಲ. ಚಿತ್ರ ಬರೆದು ತೋರಿಸಿದಳು. ನೀರೊಳಗೆ ಹೋಗುವ ಕ್ಯಾಮೆರಾ ವಿಲಾಯತಿಯಲ್ಲಿ ಸಿಗುತ್ತದಂತೆ. ಅದರ ಬೆಲೆಗೆ ಅವರ ಓಣಿಯೇ ಸಿಗುತ್ತಿತ್ತು. ಅವಳ ಚಿತ್ರದಲ್ಲಿದ್ದದ್ದು ಮದುವೆಯಲ್ಲಿ ಅನ್ನ ಮಾಡುವ ಒಂದು ದೊಡ್ಡ ಡಬರಿ. ಅದನ್ನು ಬೋರಲು ಹಾಕಿ ತೂಗುಬಿಡುವುದು. ಒಳಗೆ ಹಲಗೆಗೆ ಕಟ್ಟಿದ ಕ್ಯಾಮೆರಾ ಕೆಳಮುಖವಾಗಿ ನೋಡುತ್ತಿರುತ್ತದೆ. ಡಬರಿಯ ಬಾಯಿಗೆ ಪಾನ್ ಅಂಗಡಿಯ ಕೌಂಟರಿನಂಥ ದಪ್ಪ ಗಾಜು. ಗಾಜಿಗೂ ಅಂಚಿಗೂ ನಡುವೆ ಲಾರಿ ಟ್ಯೂಬಿನ ಬಳೆ. ಮೇಲೆ ಕಬ್ಬಿಣದ ಪಟ್ಟಿ, ನಟ್ಟು, ಬೋಲ್ಟು. ಆಳಕ್ಕೆ ಹೋದಷ್ಟೂ ನೀರೇ ಗಾಜನ್ನು ಒತ್ತಿ ಹಿಡಿಯುತ್ತದೆ. ತಂತಿಗಳು ಡಬರಿಯ ತಳಕ್ಕೆ ಕೊರೆದ ತೂತಿನಿಂದ ಮೇಲೆ ಬರುತ್ತವೆ. ತೂತಿಗೆ ಎಂ-ಸೀಲ್ ಮೆತ್ತುವುದು. ಬೆಳಕಿಗೆ ಎರಡು ಹಾರ್ಲಿಕ್ಸ್ ಬಾಟಲಿ, ಒಂದೊಂದರಲ್ಲಿ ಒಂದು ಹೆಡ್‌ಲೈಟ್ ಬಲ್ಬು. ಅವನ್ನು ಡಬರಿಯ ಹೊರಗೆ ಅಕ್ಕಪಕ್ಕ ಕಟ್ಟುವುದು.

“ಭಾರಿ ಅದ!” ಎಂದ ಹಂಪಯ್ಯ. ಸಂಜೆಯ ಹೊತ್ತಿಗೆ ಓಣಿಯಲ್ಲೆಲ್ಲ ಅದು ಹಂಪಯ್ಯನ ಡಬರಿಯಾಗಿತ್ತು. ಅಮರಮ್ಮನಿಗೆ ಬೇಸರವೇನೂ ಆಗಲಿಲ್ಲ, ಆದದ್ದು ಸಮಾಧಾನವೇ. ತನ್ನ ಡಬರಿ ಎಂದರೆ ಜನ ಬಂದು ಏನಾದರೂ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ.

ಮೊದಲ ಪರೀಕ್ಷೆಗೆ ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಹೋದರು. ಅಲ್ಲಿ ಅತ್ತೆ ಪಾರ್ವತೆಮ್ಮನ ಹೊಲದಲ್ಲಿ ಬಾವಿ ಇತ್ತು. ಬಸ್ಸಿನ ಕಂಡಕ್ಟರ್ ಡಬರಿಗೆ ಟಿಕೆಟ್ ಕೇಳಿ, ಯಾರ ಮದುವೆ ಎಂದು ವಿಚಾರಿಸಿ, ಅಮರಮ್ಮನ ಕಡೆ ನೋಡಿ ನಕ್ಕ. ಅವಳು ಕಿಟಕಿಯಾಚೆಯ ಎಲ್ಲ ಜಾಲಿ ಗಿಡಗಳನ್ನೂ ಒಂದೊಂದಾಗಿ ನೋಡಿದಳು.

ಕ್ಯಾಮೆರಾ ಇಡುವ ಮೊದಲು ಡಬರಿಯೊಳಗೆ ನೀರು ಜಿನುಗುತ್ತದೋ ಇಲ್ಲವೋ ತಿಳಿಯಬೇಕಿತ್ತು. ಅದಕ್ಕೆ ಅಮರಮ್ಮ ಒಂದು ಉಪಾಯ ಮಾಡಿದ್ದಳು: ಡಬರಿಯ ತುಂಬ ಮಂಡಾಳು, ಅಂದರೆ ಮಂಡಕ್ಕಿ, ಹಾಕಿ ಮುಳುಗಿಸುವುದು. ಮೇಲೆತ್ತಿದ ಮೇಲೆ ಮಂಡಾಳು ಗರಿಗರಿಯಾಗಿದ್ದರೆ ಪಾಸು, ಮೆತ್ತಗಾಗಿದ್ದರೆ ಫೇಲು. ಮಂಡಾಳಿನಷ್ಟು ನಿಯತ್ತಿನ ಉಪಕರಣ ಕಾಲೇಜಿನ ಲ್ಯಾಬಿನಲ್ಲೂ ಇರಲಿಲ್ಲ.

ಹಂಪಯ್ಯ ಹಗ್ಗ ಬಿಟ್ಟ. ಡಬರಿ ನೀರು ಮುಟ್ಟಿತು, ಮತ್ತು ಅಲ್ಲೇ ನಿಂತಿತು. ಕೋಲಿನಿಂದ ನೂಕಿದರು; ಒಂದು ಕಡೆ ಮುಳುಗಿ ಇನ್ನೊಂದು ಕಡೆ ಎದ್ದಿತು. ಎಮ್ಮೆಯಂತೆ ಬಾವಿಯ ತುಂಬ ನಿಧಾನವಾಗಿ ಈಜಾಡಿತು.

ಪಾರ್ವತೆಮ್ಮ ಸೆರಗು ಬಾಯಿಗೊತ್ತಿಕೊಂಡಳು. “ಅಮರೀ, ನಿನ್ನ ಡಿಗ್ರಿ ತೇಲಾಕತ್ತದ ನೋಡಬೇ!”

ಗಾಳಿ ತುಂಬಿದ ಪಾತ್ರೆ ನೀರಲ್ಲಿ ತೇಲುತ್ತದೆ. ಇದನ್ನು ಏಳನೆಯ ತರಗತಿಯ ಮಕ್ಕಳು ಬಲ್ಲರು, ಕೊಡ ತೊಳೆಯುವ ಹೆಂಗಸರು ಬಲ್ಲರು, ಕೊಡವೂ ಬಲ್ಲದು. ಬಾವಿಯ ಸುತ್ತ ನಿಂತವರಲ್ಲಿ ಭೌತಶಾಸ್ತ್ರ ಓದಿದವಳು ಒಬ್ಬಳೇ, ಮರೆತವಳೂ ಅವಳೊಬ್ಬಳೇ. ಅತ್ತೆಯ ಮನೆಯ ಹಳೆಯ ಬೀಸುಕಲ್ಲಿನ ಎರಡೂ ಹೋಳುಗಳನ್ನು, ಸಾಲದೆ ಒಳಕಲ್ಲಿನ ಗುಂಡನ್ನೂ ಡಬರಿಗೆ ಬಿಗಿದ ಮೇಲೆ ಅದು ಗುಳುಗುಳು ಎಂದು ಮುಳುಗಿತು. ಮೇಲೆತ್ತಿ ಬಿಚ್ಚಿದರೆ ಮಂಡಾಳು ಮೆತ್ತಗಾಗಿತ್ತು. ಟ್ಯೂಬಿನ ಬಳೆಗೆ ಗ್ರೀಸು ಸವರಿ ಮತ್ತೆ ಇಳಿಸಿದರು. ಈ ಸಲ ಹಂಪಯ್ಯ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಕರುಂ ಕರುಂ ಸಪ್ಪಳ ಎಲ್ಲರಿಗೂ ಕೇಳಿಸಿತು. ಉಳಿದದ್ದಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಕಲಸಿ, ಬಾವಿಕಟ್ಟೆಯ ಮೇಲೆ ಕೂತು ಇಡೀ ಪರೀಕ್ಷೆಯನ್ನು ತಿಂದು ಮುಗಿಸಿದರು.

ವಲಿ ಪಾಷಾ ಕ್ಯಾಮೆರಾವನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿ ಕೊಟ್ಟ. ಜೊತೆಗೆ ಬ್ಯಾಟರಿಯ ಮೇಲೆ ನಡೆಯುವ ಒಂದು ಪುಟ್ಟ ಕಪ್ಪು-ಬಿಳುಪು ಟಿ.ವಿ.ಯನ್ನೂ ಕೊಟ್ಟ. “ಹಂಪಯ್ಯ, ನಿಮ್ಮ ತಾತನ ಸಲುವಾಗಿ ಕೊಡಾಕತ್ತೀನಿ. ಗಂಜ್‌ನಾಗ ನಮ್ಮ ಅಬ್ಬಾನ ಸಂಗಾಟ ಮೂಟಿ ಹೊತ್ತಾನ ಅವ. ಆದ್ರ ಒಂದು ಹನಿ ನೀರು ಒಳಗ ಹೋತು ಅಂದ್ರ ನೀನೂ ಅದೇ ಬಾವ್ಯಾಗ ಇರು, ವಾಪಸ್ ಬರಬ್ಯಾಡ.”

ಊರಿಗೆ ಹೋದ ದಿನ ಗೋಪಮ್ಮ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಬಿಟ್ಟು ಹೋದ ಮೇಲೆ ಅವಳು ಆ ಊರಿಗೆ ಕಾಲಿಟ್ಟಿರಲಿಲ್ಲ. ಬಾವಿಯ ಹತ್ತಿರ ಊರೇ ನೆರೆದಿತ್ತು. ಎಲ್ಲರಿಗಿಂತ ಮುಂದೆ ದುರುಗಪ್ಪ, ತಲೆಗೆ ದೊಡ್ಡ ರುಮಾಲು. ಇವನ ಅಪ್ಪನೇ ಪಕೀರಪ್ಪನಿಗೆ ಗಂಟೆ ಬಚ್ಚಿಡಲು ಹೇಳಿದವರಲ್ಲಿ ಒಬ್ಬ; ಆಮೇಲೆ ಕಳ್ಳ ಎಂದವರಲ್ಲಿ ಮೊದಲನೆಯವ. ಅಪ್ಪನ ಹೊಲದ ಜೊತೆಗೆ ಆ ಮಾತೂ ಮಗನ ಪಾಲಿಗೆ ಬಂದಿತ್ತು.

“ಬಾ ಗೋಪಮ್ಮ. ಗಂಟಿ ತಂದೀಯೇನು?” ಎಂದ ದುರುಗಪ್ಪ.

“ನಿಮ್ಮಪ್ಪ ಇಡಾಕ ಹೇಳಿದಲ್ಲೇ ಅದ. ನಿನಗ ಕಣ್ಣು ತಂದೀನಿ,” ಎಂದಳು ಗೋಪಮ್ಮ. ಜನ ನಕ್ಕರು. ದುರುಗಪ್ಪ ಮೀಸೆ ಮುಟ್ಟಿಕೊಂಡ.

ಈಗ ಧರ್ಮದ ಪ್ರಶ್ನೆ ಬಂತು. ಕ್ಯಾಮೆರಾ ಬಾವಿಗೆ ಇಳಿಯಬಹುದೋ ಬಾರದೋ? ಎಲ್ಲರೂ ಪೂಜಾರಿ ವೆಂಕೋಬಾಚಾರ್ಯರ ಮುಖ ನೋಡಿದರು. ಆಚಾರ್ಯರು ಡಬರಿಯನ್ನು ಸುತ್ತು ಬಂದು, ಕೆಳಗೆ ಬಗ್ಗಿ ನೋಡಿ, ಬಹಳ ಹೊತ್ತು ಯೋಚಿಸಿದರು.

“ಮನುಷ್ಯರು ಕಾಲಿಡಬಾರದು ಅಂತ ಅದ. ಇದಕ್ಕ ಕಾಲಿಲ್ಲ,” ಎಂದರು ಕೊನೆಗೆ. “ಆದರ ಒಳಗಿನ ಕ್ಯಾಮೆರಾದ ತೊಗಲಿನ ಪಟ್ಟಿ ತಗೀರಿ. ಮತ್ತ ಇದಕ್ಕ ಸ್ನಾನ ಆಗಬೇಕು.”

ಹನಿ ನೀರು ತಾಕಬಾರದೆಂದು ಇಷ್ಟು ದಿನ ಒದ್ದಾಡಿ ಕಟ್ಟಿದ ಡಬರಿಗೆ ಕೊಡಗಟ್ಟಲೆ ನೀರು ಸುರಿದು ಸ್ನಾನ ಮಾಡಿಸಿದರು. ಅರಿಶಿನ ಹಚ್ಚಿದರು. ಯಾರೋ ಭಕ್ತಿಯಿಂದ ಗಾಜಿನ ನಟ್ಟನಡುವೆ, ಕ್ಯಾಮೆರಾದ ಕಣ್ಣಿಗೆ ಸರಿಯಾಗಿ, ದೊಡ್ಡ ಕುಂಕುಮದ ಬೊಟ್ಟಿಟ್ಟರು. ಅದನ್ನು ಒರೆಸಿರಿ ಎಂದು ಹೇಳಬೇಕಿತ್ತು. ಅಮರಮ್ಮ ಮನಸ್ಸಿನಲ್ಲಿ ಮಾತು ಜೋಡಿಸಿ, ಆಚಾರ್ಯರಿಗೆ ನೋವಾಗದಂತೆ ತಿದ್ದಿ, ‘ದಯಮಾಡಿ’ ಎಂಬುದು ಮೊದಲು ಬರಬೇಕೋ ಆಮೇಲೋ ಎಂದು ನೋಡುವಷ್ಟರಲ್ಲಿ ಗೋಪಮ್ಮ ಸೆರಗಿನಿಂದ ಒರೆಸಿ ಹಾಕಿದ್ದಳು. “ಕಣ್ಣಾಗ ಕುಂಕುಮ ಹಚ್ತಾರೇನ್ರೀ ಆಚಾರ್ರ?”

ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಜೋಡಿಸಿದರು. ಹಂಪಯ್ಯನಿಗೆ ಜನ ಕಂಡರೆ ಸುಮ್ಮನಿರಲಾಗುವುದಿಲ್ಲ. ಎರಡೂ ಬಾಟಲಿಗಳ ದೀಪ ಹಚ್ಚಿ, “ನೋಡ್ರಿ, ಹಗಲಾಗ ಹಗಲು!” ಎಂದು ಬಹಳ ಹೊತ್ತು ಉರಿಸಿ ತೋರಿಸಿದ. ಜನ ಬಾಯಿ ತೆರೆದು ನೋಡಿದರು. ಗಾಜು ಕೆಂಡದಂತೆ ಕಾಯಿತು. ಆಮೇಲೆ ಡಬರಿಯನ್ನು ಬಾವಿಗಿಳಿಸಿದರು. ತಣ್ಣೀರು ತಾಕಿದ್ದೇ ತಡ, ಟಪ್ ಎಂದು ಒಂದು ಬಾಟಲಿ ಒಡೆಯಿತು. ಎಲ್ಲರೂ ಅಯ್ಯೋ ಎನ್ನುವುದರೊಳಗೆ ಟಪ್ ಎಂದು ಇನ್ನೊಂದೂ ಒಡೆಯಿತು.

“ಆತೇನು ನಾಟಕ?” ಎಂದ ದುರುಗಪ್ಪ. “ಇದೂ ಪಕೀರಪ್ಪನ ಬಾವಿಗೆ ಬಿತ್ತು ಅನ್ರಿ!”

ಜನ ಗೊಳ್ಳೆಂದರು. ಗೋಪಮ್ಮನ ಮುಖ ನೋಡಿದ ಅಮರಮ್ಮನಿಗೆ ತಡೆಯಲಾಗಲಿಲ್ಲ. ಅಣ್ಣನ ಅಂಗಿ ಜಗ್ಗಿ ಕಿವಿಯಲ್ಲಿ ಹೇಳಿದಳು: “ಟ್ರ್ಯಾಕ್ಟರಿನ ಹೆಡ್‌ಲೈಟ್ ಬಿಚ್ಚು. ಡಬರಿ ಒಳಗ, ಕ್ಯಾಮೆರಾದ ಬಗಲಾಗ ಇಡಾಮು. ಒಳಗಿದ್ರ ನೀರು ತಾಕಂಗಿಲ್ಲ.”

“ಟ್ರ್ಯಾಕ್ಟರ್ ಹೆಡ್‌ಲೈಟ್ ಬಿಚ್ರೋ! ನನಗೊಂದು ವಿಚಾರ ಹೊಳೀತು!” ಎಂದು ಹಂಪಯ್ಯ ಕೂಗಿದ.

ಡಬರಿ ಬಿಚ್ಚಿ, ಕ್ಯಾಮೆರಾದ ಪಕ್ಕಕ್ಕೆ ಅಂಗೈಯಗಲದ ಹೆಡ್‌ಲೈಟ್ ಕಟ್ಟಿ, ಕ್ಯಾಮೆರಾಕ್ಕೆಂದು ಎಳೆದಿದ್ದ ಬ್ಯಾಟರಿ ತಂತಿಯನ್ನೇ ಅದಕ್ಕೂ ಜೋಡಿಸಿ, ಗಾಜು ಬಿಗಿದು ಮತ್ತೆ ಇಳಿಸಿದರು. ಗುಡಿಯ ನೆರಳಿನಲ್ಲಿ ಪುಟ್ಟ ಟಿ.ವಿ. ಇಟ್ಟು, ಅದರ ಮುಂದೆ ಗೋಪಮ್ಮನನ್ನು ಕೂರಿಸಿದ್ದರು. ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದನ್ನು ಕಿರಿದು ಮಾಡಿ ನೋಡುತ್ತಿದ್ದಳು. ಊರು ಅವಳ ಹೆಗಲ ಮೇಲಿಂದ ಬಗ್ಗಿತ್ತು.

ಮೊದಲು ಕಲ್ಲಿನ ಗೋಡೆ ಕಂಡಿತು. ಪಾಚಿ ಕಂಡಿತು. ಬಿಸಿಲು ಕಾಣದ ಒಂದು ಮೀನು ಬಂದು, ಕ್ಯಾಮೆರಾ ನೋಡಿ, ತಿರುಗಿ ಹೋಯಿತು. “ಏ, ಮೀನ!” ಎಂದು ಊರಿಗೆ ಊರೇ ಕೂಗಿತು, ಮೀನನ್ನೇ ಕಾಣದವರಂತೆ. ಹಂಪಯ್ಯ ಇನ್ನೂ ಹಗ್ಗ ಬಿಟ್ಟ. ತಳದ ಕೆಸರು, ಒಡೆದ ಕೊಡದ ಕಂಠ, ತೆಂಗಿನ ಚಿಪ್ಪು. ನೀರು ಮಬ್ಬಾಯಿತು. ಆ ಮಬ್ಬಿನಲ್ಲಿ, ಪರದೆಯ ಮೇಲಿನ ಬಲಮೂಲೆಯಲ್ಲಿ, ಬೆಳ್ಳಗೆ ಗುಂಡಗೆ ಒಂದು ಹೊಳೆಯಿತು. ಅಂಚು, ಅಂಚಿನೊಳಗೆ ಬಳೆ, ನಡುವೆ ನಾಲಿಗೆಯಂಥ ಚುಕ್ಕೆ.

ಊರು ಇನ್ನಷ್ಟು ಬಗ್ಗಿತು.

“ಗಂಟಿ,” ಎಂದರು ಆಚಾರ್ಯರು, ಬಹಳ ಮೆಲ್ಲಗೆ.

ಆಮೇಲೆ ಗದ್ದಲವೋ ಗದ್ದಲ. “ಹನುಮಪ್ಪ! ಹನುಮಪ್ಪ!” “ಬಂಗಾರದಂಗ ಹೊಳೆಯಾಕತ್ತದಲ್ಲೋ!” ಟಿ.ವಿ. ಕಪ್ಪು-ಬಿಳುಪಿನದು ಎಂಬುದು ಯಾರಿಗೂ ಅಡ್ಡ ಬರಲಿಲ್ಲ. ಹೆಂಗಸರು ಟಿ.ವಿ.ಗೇ ಕುಂಕುಮ ಹಚ್ಚಿದರು. ಒಬ್ಬಳು ಕಾಯಿ ಒಡೆದಳು. ದುರುಗಪ್ಪ ನಿಂತಲ್ಲೇ ನಿಂತಿದ್ದ. ಬಳಿಕ ತಲೆಯ ರುಮಾಲು ತೆಗೆದು ಗೋಪಮ್ಮನ ಮುಂದೆ ನೆಲಕ್ಕಿಟ್ಟ.

“ತಪ್ಪಾತಬೇ. ನಮ್ಮಪ್ಪ ಅಂದಿದ್ದು ತಪ್ಪು, ನಾ ಅಂದಿದ್ದೂ ತಪ್ಪು. ಪಕೀರಪ್ಪ ಸತ್ಯವಂತ. ಇವತ್ತಿಗೆ ಆ ಗಾದಿ ಬಂದ್. ಯಾರಾರ ಆಡಿದ್ರ ನಾಲಿಗಿ ಕೀಳ್ತೀನಿ.”

ಬಾಯಿ ಮಾಡುವುದು ತನ್ನ ಕೆಲಸ ಎಂದಿದ್ದ ಗೋಪಮ್ಮನ ಬಾಯಿ ಸುಮ್ಮನೆ ನಡುಗುತ್ತಿತ್ತು.

ಬಾವಿಯ ಬಳಿ ಅಮರಮ್ಮ, ಜನರ ಸಂದಿನಲ್ಲಿ ಟಿ.ವಿ. ನೋಡುತ್ತ, ಅಣ್ಣನ ಜೊತೆ ಹಗ್ಗದ ತುದಿ ಹಿಡಿದಿದ್ದಳು. ಅವಳಿಗೂ ಕಣ್ಣು ತುಂಬಿ ಬಂದಿತ್ತು. ತಾನು ಬರೆದ ಚಿತ್ರ, ತಾನು ಸವರಿದ ಗ್ರೀಸು, ತಾತನ ಗಂಟೆ! ಹಗ್ಗ ಸ್ವಲ್ಪ ಹೊರಳಿತು. ನೀರೊಳಗೆ ಡಬರಿ ತಿರುಗಿತು, ಅದರ ಜೊತೆ ಪರದೆಯ ಮೇಲೆ ಕೊಡದ ಕಂಠ ತಿರುಗಿತು, ತೆಂಗಿನ ಚಿಪ್ಪು ತಿರುಗಿತು. ಗಂಟೆ ತಿರುಗಲಿಲ್ಲ. ಬಲಮೂಲೆಯಲ್ಲೇ ಕೂತಿತ್ತು.

ಅವಳು ಹಗ್ಗವನ್ನು ಬೇಕೆಂದೇ ಇನ್ನೊಂದು ಕಡೆ ಹೊರಳಿಸಿದಳು. ಬಾವಿಯ ತಳವೆಲ್ಲ ಗಿರ್ರನೆ ಸುತ್ತಿತು. ಗಂಟೆ ಮಾತ್ರ ಕದಲಲಿಲ್ಲ. ಹಗ್ಗವನ್ನು ಮಾರುದ್ದ ಮೇಲೆಳೆದಳು. ತಳ ದೂರ ಸರಿಯಿತು. ಗಂಟೆ ಅವಳ ಜೊತೆಗೇ ಮೇಲೆ ಬಂತು, ಅದೇ ಗಾತ್ರ, ಅದೇ ಮೂಲೆ.

ಗಾಜಿನ ಹಿಂದೆ ದೀಪವಿಟ್ಟರೆ ಗಾಜಿನಲ್ಲಿ ಕಾಣುವುದು ದೀಪವೇ. ಮೇಲಿನ ಬೆಳಕಿನಲ್ಲಿ ಮರೆಯಾಗಿದ್ದದ್ದು ತಳದ ಕತ್ತಲಲ್ಲಿ ಕಂಡಿತ್ತು, ಅಷ್ಟೇ. ಬೆಳಕಿನ ಪ್ರತಿಫಲನದ ಬಗ್ಗೆ ಅವಳು ಪರೀಕ್ಷೆಯಲ್ಲಿ ಚಿತ್ರ ಸಮೇತ ಉತ್ತರ ಬರೆದಿದ್ದಳು. ಮೇಷ್ಟರು ‘ಚೆನ್ನಾಗಿದೆ’ ಎಂದು ಬರೆದಿದ್ದರು. ಅಷ್ಟೆಲ್ಲ ಆಳಕ್ಕೆ ಇಳಿದು, ಅಷ್ಟೆಲ್ಲ ಕಲ್ಲು ಕಟ್ಟಿಕೊಂಡು, ಅವಳ ಯಂತ್ರ ಕಂಡಿದ್ದು ತನ್ನ ಮುಖವನ್ನೇ.

“ಅಣ್ಣಾ, ಅದು ತಿರುಗವಲ್ದು,” ಎಂದಳು ಪಿಸುದನಿಯಲ್ಲಿ. ಹಗ್ಗವನ್ನು ಇನ್ನೊಮ್ಮೆ ಹೊರಳಿಸಿ ತೋರಿಸಿದಳು.

ಹಂಪಯ್ಯ ನೋಡಿದ. ಮದುವೆಗಳಲ್ಲಿ ಕನ್ನಡಿ ಬೀರುವಿನೆದುರು ಲೈಟ್ ಹಿಡಿದು ಬೈಸಿಕೊಂಡವನು ಅವನು, ಕೂಡಲೇ ತಿಳಿಯಿತು.

“ಸುಮ್ಕಿರು,” ಎಂದ. “ಆಯಿ ಮುಖ ನೋಡು ಒಂದ್ಸಲ. ಸುಮ್ಕಿರು ಅಮರೀ. ಬಾವ್ಯಾಗ ಯಾರೂ ಇಳಿಯಂಗಿಲ್ಲ, ಯಾರಿಗೂ ಗೊತ್ತಾಗಂಗಿಲ್ಲ. ತಾತ ಇಟ್ಟಿದ್ದಂತೂ ಖರೇನ ಅಲ್ಲ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮೇಲಾಗಿ, ಸುಮ್ಮನಿರುವುದು ಅಮರಮ್ಮನಿಗೆ ಕಲಿಯಬೇಕಾದ ವಿದ್ಯೆಯೂ ಅಲ್ಲ. ಅದೊಂದರಲ್ಲಿ ಅವಳಿಗೆ ರಾಯಚೂರು ಜಿಲ್ಲೆಗೇ ರ‍್ಯಾಂಕ್ ಬರಬಹುದಿತ್ತು. ಜೀವಮಾನವಿಡೀ ಮಾಡಿದ್ದನ್ನೇ ಇನ್ನೊಂದು ಗಳಿಗೆ ಮಾಡಿದರೆ ಸಾಕು, ತಾತ ಸತ್ಯವಂತನಾಗಿ ಉಳಿಯುತ್ತಿದ್ದ.

ಅತ್ತ ಹಿರಿಯರು ಮಾತಾಡಿ ಮುಗಿಸಿದ್ದರು. ದುರುಗಪ್ಪ ಕೈ ಎತ್ತಿ ಸಾರಿದ: “ಗಂಟಿ ಇದ್ದಲ್ಲೇ ಇರ್ಲಿ. ನೀರು ಮುಟ್ಟಾದು ಬ್ಯಾಡ. ಇನ್ನ ಮ್ಯಾಲ ಆಣಿ ಮಾಡಾದಿದ್ರ ಈ ಬಾವಿಕಟ್ಟಿ ಮುಟ್ಟಿ ಮಾಡ್ರಿ. ಕೆಳಗ ಗಂಟಿ ಅದ, ಕೇಳಸ್ಕೋತದ!”

“ಹೌದು, ಹೌದು!” ಎಂದಿತು ಊರು.

ಅಂದರೆ ಇನ್ನು ಮುಂದೆ ಈ ಊರಲ್ಲಿ ಬದುವು, ಕೋಳಿ, ಕಳ್ಳ, ಸಾಚಾ ಎಲ್ಲವೂ ಒಂದು ಟ್ರ್ಯಾಕ್ಟರಿನ ಹೆಡ್‌ಲೈಟ್ ಮೇಲೆ ನಿಲ್ಲುತ್ತವೆ. ಅಮರಮ್ಮನಿಗೆ ನಗು ಬಂತು, ಹಿಂದೆಯೇ ತಾತನ ನೆನಪು ಬಂತು. ಒಬ್ಬ ಮನುಷ್ಯ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಕ್ಕೆ ಊರು ಬಿಟ್ಟಿದ್ದ. ಅವನ ಮೊಮ್ಮಗಳು ಕಾಣದ್ದನ್ನು ಕಂಡೆನೆಂದು ಅವನನ್ನು ಊರಿಗೆ ಕರೆತರುತ್ತಿದ್ದಳು.

ಗೋಪಮ್ಮ ಕೋಲೂರಿ ಎದ್ದಳು. ಜನ ದಾರಿ ಬಿಟ್ಟರು. ಅವಳು ನೇರ ಬಾವಿಯ ಹತ್ತಿರ ಬಂದು ಮೊಮ್ಮಗಳ ಮುಂದೆ ನಿಂತಳು.

“ಅಮರೀ, ನನ್ನ ಕಣ್ಣಿಗೆ ಬೆಳ್ಳಗ ಒಂದು ಕಾಣಾಕತ್ತದ, ಅಷ್ಟ. ಇವ್ರೆಲ್ಲ ಗಂಟಿ ಅಂತಾರ. ನಿಮ್ಮಣ್ಣಗ ಕೇಳಿದ್ರ ಹೌದಂತಾನ. ಅವ ಯಾವುದಕ್ಕ ಇಲ್ಲ ಅಂದಾನ? ಡಬರಿ ಕಟ್ಟಿದಾಕಿ ನೀನು. ನನಗ ಗೊತ್ತಿಲ್ಲಂತ ತಿಳ್ಕೊಂಡೀಯೇನು? ನೀ ಹೇಳು. ಗಂಟಿನಾ ಅದು?”

ಹಂಪಯ್ಯ ಕೆಮ್ಮಿದ. ದುರುಗಪ್ಪನ ರುಮಾಲು ಇನ್ನೂ ನೆಲದ ಮೇಲೆ ಇತ್ತು. ಆಚಾರ್ಯರು, ಹೆಂಗಸರು, ಕಾಯಿ ಒಡೆದವಳು, ಎಲ್ಲರೂ ಅಮರಮ್ಮನನ್ನು ನೋಡಿದರು. ಇಷ್ಟು ಹೊತ್ತು ಅಲ್ಲಿ ಒಬ್ಬಳಿದ್ದಾಳೆಂದೇ ಅವರಿಗೆ ಗೊತ್ತಿರಲಿಲ್ಲ. ಆಯಿಯ ಕಣ್ಣು, ಪೊರೆ ಬಂದದ್ದೂ ಬಾರದ್ದೂ, ಅವಳ ಬಾಯಿಯ ಮೇಲಿದ್ದವು. ಅಮರಮ್ಮನ ಕೈಯಲ್ಲಿದ್ದ ಹಗ್ಗ ಒದ್ದೆಯಾಗಿತ್ತು.

“ಅಲ್ಲಬೇ,” ಎಂದಳು. ಅವಳ ದನಿ ಬಾವಿಯೊಳಗೂ ಹೋಗಿ ತಿರುಗಿ ಬಂತು. “ಗಂಟಿ ಅಲ್ಲ ಅದು. ನಾ ಇಟ್ಟ ಲೈಟು. ಗಂಟಿ ಕೆಳಗ ಅದನೋ ಇಲ್ಲೋ, ನಮಗ ಕಾಣಲಿಲ್ಲ.”